ಪಶ್ಚಿಮದ ಕಿಟಕಿಗೆ ಬಣ್ಣ

ನಾಲಿಗೆಯ ತುದಿಯ ಮೇಲೆ ಕೆಂಪು ಪುಡಿ. ಅವರನ್ನು ನಾನು ಮೊದಲ ಸಲ ನೋಡಿದ್ದು ಹಾಗೆ. ಇನ್ನೂ ಬಾಗಿಲು ಕೂಡಿಸದ ನಮ್ಮ ಹೊಸ ಮನೆಯ ಹೊರಗೆ, ಪಶ್ಚಿಮದ ಗೋಡೆಗೆ ಮುಖ ಮಾಡಿ ತುದಿಗಾಲಲ್ಲಿ ಕುಳಿತಿದ್ದರು. ಉಗುರಿನಿಂದ ಒಂದು ಇಟ್ಟಿಗೆಯನ್ನು ಕೆರೆದು, ಬೆರಳಿಗೆ ಹತ್ತಿದ ಪುಡಿಯನ್ನು ನಾಲಿಗೆಗೆ ಹಚ್ಚಿಕೊಂಡು ಕಣ್ಣು ಮುಚ್ಚಿದರು. ಮದುವೆ ಮನೆಯಲ್ಲಿ ಅಡುಗೆಯವನು ಸಾರಿನ ರುಚಿ ನೋಡುವಂತಿತ್ತು. ಆಮೇಲೆ ಪಕ್ಕಕ್ಕೆ ಉಗುಳಿ, ಹೆಗಲ ಮೇಲಿನ ವಸ್ತ್ರದಿಂದ ಬಾಯಿ ಒರೆಸಿಕೊಂಡು ನನ್ನತ್ತ ತಿರುಗಿದರು.

"ಉಪ್ಪೈತ್ರಿ ಅಕ್ಕಾರ. ಇನ್ನಾ ಭಾಳ ಐತಿ."

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನೆಲ್ಲ ಅಕ್ಕಾರ ಎಂದೇ ಕರೆಯುತ್ತಾರೆ. ಆದರೆ ನಾನು ಶಾಲೆಯಲ್ಲಿ ಕಲಿಸುವವಳೆಂದು ಇವರಿಗೆ ಹೇಳಿದವರು ಯಾರು? ನನ್ನ ಅನುಮಾನ ಅಲ್ಲಿಂದಲೇ ಶುರುವಾಯಿತು. ಹೇಳಿದ್ದು ನಮ್ಮ ಮನೆಯವರೇ ಎಂದು ಆಮೇಲೆ ಗೊತ್ತಾಯಿತು, ಆದರೂ ಶುರುವಾದ ಅನುಮಾನ ನಿಲ್ಲಲಿಲ್ಲ.

ನನ್ನ ಸ್ವಭಾವವೇ ಹಾಗೆ. ತಿಕೋಟಾದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಇಪ್ಪತ್ತೆಂಟು ವರ್ಷ ಪರೀಕ್ಷಾ ಕೊಠಡಿಗಳಲ್ಲಿ ಬೆಂಚುಗಳ ನಡುವೆ ಓಡಾಡಿದವಳು. ಎದುರಿಗೆ ಯಾರು ಬಂದರೂ ನನ್ನ ಕಣ್ಣು ಮೊದಲು ಅವರ ಅಂಗೈಗೆ ಹೋಗುತ್ತದೆ, ಆಮೇಲೆ ತೋಳಿನ ಮಡಿಕೆಗೆ, ಕೊನೆಗೆ ಮುಖಕ್ಕೆ. ಕಾಯಿಪಲ್ಯ ಮಾರುವವಳ ತಕ್ಕಡಿಯನ್ನೂ, ಮಿಕ್ಸರ್ ರಿಪೇರಿಯವನ ಚೀಲವನ್ನೂ, ಸ್ವಂತ ತಮ್ಮನ ಫೋನನ್ನೂ ನಾನು ನೋಡಿದ್ದು ಹೀಗೆಯೇ. ನಮ್ಮ ಮನೆಯವರು ಬಸ್ ಡಿಪೋದಲ್ಲಿ ಕೆಲಸ ಮಾಡುವವರು. ದಿನಕ್ಕೆ ನೂರು ಜನರ ನೆಪಗಳನ್ನು ಕೇಳಿಯೂ ಯಾರ ಮೇಲೂ ಸಂಶಯ ಪಡದ ಮನುಷ್ಯ. "ನಿನ್ನ ಕಣ್ಣಾಗ ಎಲ್ಲಾರೂ ಕಾಪಿ ಹೊಡಿಯಾವ್ರೇ ಬಿಡು" ಎಂದು ನಗುತ್ತಾರೆ. ಇಬ್ರಾಹಿಂಪುರದಿಂದ ಈ ಬಣ್ಣದ ಚಾಚಾನನ್ನು ಕರೆತಂದವರೂ ಅವರೇ.

ಮನೆ ತೊರವಿ ಕಡೆಗೆ ಹೊಸದಾಗಿ ಎದ್ದ ಬಡಾವಣೆಯಲ್ಲಿದೆ. ನನ್ನ ತವರು ಬಬಲೇಶ್ವರ. ಅಲ್ಲಿಯ ಮನೆ ಕರಿಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಒಂದೇ ಒಂದು ಬೆಳಕಿಂಡಿಯದು. ಆ ಕಪ್ಪಿನಲ್ಲಿ ಬೆಳೆದ ನನಗೆ ಮೊದಲು ನೌಕರಿಗೆ ಸೇರಿದ ಶಾಲೆಯ ಕೆಂಪು ಇಟ್ಟಿಗೆಯ ಕಟ್ಟಡ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಸಂಜೆ ಬಿಸಿಲು ಬಿದ್ದರೆ ಆ ಗೋಡೆಗಳನ್ನು ನೋಡುತ್ತ ಎರಡು ಬಸ್ಸು ಬಿಡುತ್ತಿದ್ದೆ. ಕಟ್ಟಿದರೆ ಸಿಮೆಂಟಿನ ಗಿಲಾವು ಮಾಡದ ಕೆಂಪು ಇಟ್ಟಿಗೆಯ ಮನೆಯನ್ನೇ ಕಟ್ಟಬೇಕೆಂಬ ಹಟ ಆಗಿನದು. ಗೋಡೆ ಎದ್ದಾಗ ನೋಡಲು ಬಂದ ನಾದಿನಿ, "ಇದೇನ್ರೀ ವೈನಿ, ಅರ್ಧಕ್ಕ ನಿಲ್ಲಿಸೀರಿ? ಗಿಲಾವ್ ಯಾವಾಗ ಮಾಡ್ಸೋದು?" ಎಂದಳು. ಆ ಮಾತು ಮುಳ್ಳಿನಂತೆ ನೆಟ್ಟಿತು. ಗೃಹಪ್ರವೇಶದ ದಿನ ಬಂದವರೆಲ್ಲ ಮೂಗಿನ ಮೇಲೆ ಬೆರಳಿಡುವಂತೆ ಮನೆ ಮಿರಿಮಿರಿ ಮಿಂಚಬೇಕು ಎಂದು ಅವತ್ತೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆ.

ಇಲ್ಲಿ ನೋಡಿದರೆ ಈ ಚಾಚಾ ಇಟ್ಟಿಗೆ ನೆಕ್ಕುತ್ತ ಕುಳಿತಿದ್ದಾರೆ.

"ನಿಮ್ಮ ಬೋರಿನ ನೀರು ಸವಳ್ರಿ," ಎಂದರು. "ಕಟ್ಟುವಾಗ ಗ್ವಾಡಿ ಅದನ್ನ ಕುಡದೈತಿ. ಕುಡದಿದ್ದ ಉಪ್ಪು ಹೊರಗ ಬರಬೇಕು. ಒಂದ್ ಬ್ಯಾಸಗಿ, ಒಂದ್ ಮಳಿ ಹೋಗ್ಲಿ. ಅಲ್ಲೀತನಕ ಇಟ್ಟಂಗಿ ಮ್ಯಾಲೆ ಏನೂ ಹಚ್ಚಬ್ಯಾಡ್ರಿ."

"ಒಂದು ವರ್ಷ?"

"ಒಂದ್ ವರ್ಷ."

ಕೆಲಸ ಬೇಡ ಎಂದು ಒಂದು ವರ್ಷ ಮುಂದೂಡುವ ಕೆಲಸಗಾರನನ್ನು ನಾನು ಕಂಡಿರಲಿಲ್ಲ. ಇದರಲ್ಲಿ ಏನೋ ಇದೆ ಎಂದುಕೊಂಡೆ.

ಚಾಚಾಗೆ ಅರವತ್ತು ದಾಟಿತ್ತು. ಉದ್ದನೆಯ ಒಣಕಲು ಮೈ, ಗಡ್ಡ ಅಚ್ಚುಕಟ್ಟು, ಬಿಳಿ ಪೈಜಾಮ, ಬಿಳಿ ಅಂಗಿ. ಆ ಅಂಗಿಯ ಮೇಲೆ ಬಣ್ಣದ ಒಂದು ಹನಿಯೂ ಇರುತ್ತಿರಲಿಲ್ಲ. ಬಣ್ಣ ಹಚ್ಚುವವನ ಬಟ್ಟೆ ಇಷ್ಟು ಸ್ವಚ್ಛವಿದ್ದರೆ ಅವನು ಕೆಲಸ ಮಾಡುವುದಾದರೂ ಯಾವಾಗ? ಒಂದು ದಿನ ಕೇಳಿಯೇಬಿಟ್ಟೆ. "ಬಣ್ಣ ಗ್ವಾಡಿಗಿ ಹಚ್ಚಾಕ ತಂದೀವ್ರಿ, ಅಂಗಿಗಿ ಯಾಕ?" ಎಂದರು, ನಗದೆ. ಕೆಲಸ ಮುಗಿದ ಮೇಲೆ ಬ್ರಶ್ಶುಗಳನ್ನು ಕೂಸಿಗೆ ಎರೆದಂತೆ ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಕೂದಲು ಬಾಗದಂತೆ ಮಲಗಿಸುತ್ತಿದ್ದರು. ಡಬ್ಬಿಯ ಮುಚ್ಚಳವನ್ನು ಸುತ್ತಿಗೆಯಿಂದ ಹೊಡೆಯುತ್ತಿರಲಿಲ್ಲ. ಮೇಲೊಂದು ಹಲಗೆ ಇಟ್ಟು, ಅದರ ಮೇಲೆ ಹತ್ತಿ ನಿಂತು ಒಮ್ಮೆ ಸುತ್ತ ತಿರುಗುತ್ತಿದ್ದರು. ಚಹ ಕೊಟ್ಟರೆ ಅರ್ಧ ಕುಡಿದು ಅರ್ಧ ಬಿಡುತ್ತಿದ್ದರು. ನಾನು ಮಾಡಿದ ಚಹ ಸೇರಲಿಲ್ಲವೇನೋ ಎಂದು ಅದಕ್ಕೂ ಒಂದು ಸಂಶಯ.

ಬಣ್ಣ ಆರಿಸಲು ಗೋಳಗುಮ್ಮಟದ ಕಡೆಯ ಒಂದು ಅಂಗಡಿಗೆ ಹೋದೆವು. ಇಟ್ಟಿಗೆಯಲ್ಲದ ಭಾಗಗಳಿದ್ದವಲ್ಲ, ಕಾಂಕ್ರೀಟಿನ ಪಟ್ಟಿ, ಕಿಟಕಿಯ ಮೇಲಿನ ಸಜ್ಜಾ, ಮುಂದಿನ ಕಂಬಗಳು, ಇವಕ್ಕೆ ನನಗೆ ಬೆಳ್ಳನೆಯ ಬಿಳಿ ಬೇಕಿತ್ತು. ಅಂಗಡಿಯವನು ಶೇಡ್ ಕಾರ್ಡ್ ಬಿಚ್ಚಿ ಹಿಡಿದ. ಚಾಚಾ ಅದರತ್ತ ನೋಡಲೂ ಇಲ್ಲ. "ಕಾಗದದ ಮ್ಯಾಲಿನ ಬಣ್ಣ ಅಂಗಡ್ಯಾಗ ಹುಟ್ಟಿ ಅಂಗಡ್ಯಾಗ ಬೆಳದಿರತೈತ್ರಿ. ನಮ್ಮ ಬಿಸಲ ನೋಡಿರೂದಿಲ್ಲ." ಅಂಗಡಿಯವನ ಮುಖ ಸಣ್ಣದಾಯಿತು. ನನಗೆ ಒಳಗೊಳಗೇ ಖುಷಿಯಾಯಿತು, ಆದರೆ ಮರುಕ್ಷಣವೇ ಅಂಗಡಿಯವನೂ ಇವರೂ ಸೇರಿ ನಾಟಕ ಆಡುತ್ತಿಲ್ಲವಷ್ಟೇ ಎಂದು ಇಬ್ಬರ ಮುಖವನ್ನೂ ಒಮ್ಮೆ ನೋಡಿದೆ.

ಮರುವಾರ ಚಾಚಾ ಮೂರ್ನಾಲ್ಕು ಹಲಗೆ ತಂದು, ಒಂದೊಂದಕ್ಕೆ ಒಂದೊಂದು ಬಣ್ಣ ಬಳಿದು ಮನೆಯ ಸುತ್ತ ಆನಿಸಿಟ್ಟರು. ಮುಂಜಾನೆ ಬಂದು ನೋಡುವುದು, ಮಧ್ಯಾಹ್ನ ಬಂದು ನೋಡುವುದು, ಸಂಜೆ ಬಂದು ನೋಡುವುದು. ನಾನು ತಿಕೋಟಾದಿಂದ ಬಸ್ಸಿಳಿದು ಬರುವಷ್ಟರಲ್ಲಿ ಪಕ್ಕದ ಮನೆಯವಳು ವರದಿ ಒಪ್ಪಿಸುತ್ತಿದ್ದಳು: "ಅಕ್ಕಾರ, ನಿಮ್ಮ ಪೇಂಟರ್ ಇವತ್ತೂ ಬಂದಿದ್ರು. ಏನೂ ಹಚ್ಚಲಿಲ್ಲ, ಸುಮ್ನ ಕುಂತು ಗ್ವಾಡಿ ನೋಡಿ ಹೋದ್ರು." ಬಾಗಿಲಿಲ್ಲದ ಮನೆಯನ್ನು ದಿನಕ್ಕೆ ಮೂರು ಹೊತ್ತು ನೋಡಿ ಹೋಗುವವನ ಬಗ್ಗೆ ಯಾರಾದರೂ ಏನಂದುಕೊಳ್ಳಬೇಕು? ಒಳಗಿಟ್ಟಿದ್ದ ನಲ್ಲಿಗಳನ್ನೂ ವೈರಿನ ಸುರುಳಿಗಳನ್ನೂ ಎಣಿಸಿದೆ. ಎಲ್ಲ ಇದ್ದವು.

ಒಂದು ಭಾನುವಾರ ನನ್ನ ಬಿಳಿಯ ಹಲಗೆಯ ಮೇಲೆ ಚಾಚಾ ರಸ್ತೆಯ ಧೂಳನ್ನು ಒಂದು ಹಿಡಿ ಎರಚಿ, ನೀರು ಚಿಮುಕಿಸಿ ತೋರಿಸಿದರು. "ಮೂರ ತಿಂಗಳಾದ ಮ್ಯಾಲೆ ನಿಮ್ಮ ಬಿಳೇದು ಇದು." ಆಮೇಲೆ ಒಂದು ಹಿಡಿ ಜೋಳದ ಹಿಟ್ಟು ತರಿಸಿ, ಕಲಸಿ ಇನ್ನೊಂದು ಹಲಗೆಗೆ ತೆಳ್ಳಗೆ ಬಳಿದರು. ಒಣಗಿದ ಮೇಲೆ ಅದನ್ನು ಕೆಂಪು ಗೋಡೆಗೆ ತಾಗಿಸಿ ಹಿಡಿದರು. "ಈ ಬಣ್ಣ ಕಲಸ್ತೀನ್ರಿ. ಇದರ ಮ್ಯಾಲೆ ಧೂಳ ಕುಂತ್ರೂ ನಮ್ಮೂರ ಬಣ್ಣಾನೇ ಅನಸ್ತೈತಿ." ನಿಜವಾಗಿಯೂ ಬಹಳ ಚೆಂದವಿತ್ತು. ನಾನು "ನೋಡೋಣ" ಎಂದಷ್ಟೇ ಅಂದೆ. ಹೊಗಳಿದರೆ ಸಡಿಲ ಬಿಡುತ್ತಾರೆ ಎಂಬುದು ನನ್ನ ಇಪ್ಪತ್ತೆಂಟು ವರ್ಷದ ನಂಬಿಕೆ.

ದೊಡ್ಡ ತಕರಾರು ಬಂದದ್ದು ಕಿಟಕಿಗಳಲ್ಲಿ. ಸಾಗುವಾನಿಯ ಕಿಟಕಿಗಳು. ಕಡು ಕಂದು ಪಾಲಿಶ್ ಹಾಕಿ, ಮುಖ ಕಾಣುವಂತೆ ಹೊಳಪು ಬರಬೇಕೆಂದು ನನ್ನ ಆಸೆ. ಚಾಚಾ ಪೂರ್ವದ ಮತ್ತು ಉತ್ತರದ ಕಿಟಕಿಗಳಿಗೆ ಒಪ್ಪಿದರು. ಅಲ್ಲಿಯೂ ಹೊಳಪು ಬೇಡ, ಅಗಸೆ ಎಣ್ಣೆ ತಿಕ್ಕಿ ಕಟ್ಟಿಗೆಯ ಬಣ್ಣವನ್ನೇ ಉಳಿಸೋಣ ಎಂದರು. ಆದರೆ ಪಶ್ಚಿಮದ ಎರಡು ಕಿಟಕಿಗಳಿಗೆ ಮಾತ್ರ ಬಣ್ಣವನ್ನೇ ಹಚ್ಚಬೇಕಂತೆ, ಅದೂ ಬೂದಿ ಬೆರೆತಂಥ ಹಸಿರು. "ಅಲ್ಲಿ ಬಿಸಲು ಕಟ್ಟಿಗಿನ್ನ ತಿಂತೈತ್ರಿ. ಪಾಲಿಶ್ ಎರಡ ವರ್ಷಕ್ಕ ಹಪ್ಪಳ ಆಗಿ ಏಳತೈತಿ."

ಪಾಲಿಶ್ ಕಟ್ಟಿಗೆಯನ್ನು ತೋರಿಸುತ್ತದೆ, ಬಣ್ಣ ಮುಚ್ಚುತ್ತದೆ. ಹಾಗಾದರೆ ಇಲ್ಲಿ ಏನನ್ನೋ ಮುಚ್ಚಬೇಕಾಗಿದೆ! ಮನೆ ಕಟ್ಟಿಸಿದ ಕಾಂಟ್ರ್ಯಾಕ್ಟರ್ ಆ ಎರಡು ಕಿಟಕಿಗೆ ಬೇರೆ ಯಾವುದೋ ಹಗುರ ಕಟ್ಟಿಗೆ ಹಾಕಿದ್ದಾನೆ, ಇವರು ಬಣ್ಣ ಹಚ್ಚಿ ಅದನ್ನು ಮರೆಸುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. ಬಬಲೇಶ್ವರದಿಂದ ನಮ್ಮ ಕಾಕಾನ ಪರಿಚಯದ ಬಡಿಗೇರನೊಬ್ಬನನ್ನು ಕರೆಸಿ ಚೌಕಟ್ಟು ಕೆರೆಸಿ ನೋಡಿದೆ. ಅಪ್ಪಟ ಸಾಗುವಾನಿ. ಚಾಚಾ ಪಕ್ಕದಲ್ಲೇ ಕೂತು ನೋಡುತ್ತಿದ್ದರು. ಬಡಿಗೇರ ಹೋದ ಮೇಲೆ ಕೆರೆದ ಜಾಗಕ್ಕೆ ಪಾಲಿಶ್ ಪೇಪರ್ ತಿಕ್ಕಿ ಸಮ ಮಾಡಿದರು. ಆ ಮುತುವರ್ಜಿಯೂ ನನಗೆ ಸರಿ ಕಾಣಲಿಲ್ಲ. ಅವತ್ತು ಸಂಜೆ ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನು ತಂದು, ಅವರು ಕಲಸಿಟ್ಟಿದ್ದ ಐದು ಡಬ್ಬಿಗಳ ತಳಕ್ಕೂ ಯಾರಿಗೂ ಕಾಣದ ಹಾಗೆ ಒಂದೊಂದು ಚುಕ್ಕೆ ಇಟ್ಟೆ.

ಗೃಹಪ್ರವೇಶಕ್ಕೆ ಹತ್ತು ದಿನ ಉಳಿದಾಗ ನನ್ನ ತಾಳ್ಮೆ ತಪ್ಪಿತು. ಸಜ್ಜಾ, ಕಂಬ ಎಲ್ಲ ಜೋಳದ ಹಿಟ್ಟಿನ ಬಣ್ಣದಲ್ಲಿ ಮುಗಿದಿದ್ದವು. ಆದರೆ ಇಟ್ಟಿಗೆ ಒಣ ಒಣ, ತಕರಾರು ಮುಗಿಯದ ಕಿಟಕಿಗಳು ಬರಿ ಕಟ್ಟಿಗೆ. ಅದರಲ್ಲೂ ಪಶ್ಚಿಮದ ಗೋಡೆ ರಸ್ತೆಗೆ ಮುಖವಾಗಿರುವುದು, ಬರುವವರಿಗೆಲ್ಲ ಮೊದಲು ಕಾಣುವುದು ಅದೇ. ಚಾಚಾ ಯಾವುದೋ ಮದುವೆಗೆಂದು ಎರಡು ದಿನ ಊರಲ್ಲಿರಲಿಲ್ಲ. ನಾನು ಪೇಟೆಯಿಂದ ಬೇರೊಬ್ಬ ಪೇಂಟರನ್ನು ಕರೆಸಿ, ಆ ಒಂದು ಗೋಡೆಗೆ ಹೊಳೆಯುವ ವಾರ್ನಿಶ್ ಹೊಡೆಸಿಬಿಟ್ಟೆ. ಸಂಜೆ ಬಿಸಿಲಿಗೆ ಗೋಡೆ ಆಗತಾನೆ ತೊಳೆದ ದಾಳಿಂಬೆಯಂತೆ ಹೊಳೆಯಿತು. ಇಷ್ಟು ವರ್ಷ ಮನಸ್ಸಿನಲ್ಲಿದ್ದ ಆ ಬಣ್ಣ ಕಂಡು ನನಗೆ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ.

ಮದುವೆಯಿಂದ ಮರಳಿದ ಚಾಚಾ ಗೋಡೆಯ ಮುಂದೆ ನಿಂತರು. ಬಯ್ಯುತ್ತಾರೆ ಎಂದುಕೊಂಡಿದ್ದೆ. ಅಂಗೈ ಇಟ್ಟು ಗೋಡೆಯನ್ನು ಒಮ್ಮೆ ಸವರಿದರು.

"ಇದರ ಬಾಯಿ ಕಟ್ಟಿದ್ರಲ್ಲ ಅಕ್ಕಾರ," ಎಂದರು. ಅಷ್ಟೇ.

ಗೃಹಪ್ರವೇಶಕ್ಕೆ ಬಂದವರೆಲ್ಲ ಪಶ್ಚಿಮದ ಗೋಡೆಯನ್ನು ಹೊಗಳಿದರು. ನಾದಿನಿ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಳು. ನಾನು ಗೆದ್ದೆ ಎಂದುಕೊಂಡೆ. ಚಾಚಾ ಬಂದು ಊಟ ಮಾಡಿ, ನಮ್ಮ ಮನೆಯವರ ಕೈಗೆ ಒಂದು ಪೊಟ್ಟಣ ಖರ್ಜೂರ ಕೊಟ್ಟು ಹೋದರು.

ಬೇಸಿಗೆ ಬಂತು. ಏಪ್ರಿಲ್ಲಿನಲ್ಲಿ ಒಂದು ದಿನ ಹಿಂದಿನ ಕೋಣೆ ಗುಡಿಸುವಾಗ ಡಬ್ಬಿಗಳನ್ನು ಎತ್ತಿ ನೋಡಿದೆ. ನಾಲ್ಕೇ ಇದ್ದವು. ಪಶ್ಚಿಮದ ಕಿಟಕಿಗೆಂದು ಕಲಸಿದ್ದ ಹಸಿರಿನ ಡಬ್ಬಿ ಇರಲಿಲ್ಲ. ಆ ಕೋಣೆಯ ಕೀಲಿಕೈ ನಮ್ಮಿಬ್ಬರನ್ನು ಬಿಟ್ಟರೆ ಇದ್ದದ್ದು ಚಾಚಾನ ಹತ್ತಿರ ಮಾತ್ರ. ಕೊನೆಗೂ ಸಿಕ್ಕಿಬಿದ್ದರು ಎಂದು ನನಗೆ ಆದದ್ದು ದುಃಖವಲ್ಲ, ಒಂದು ಬಗೆಯ ಸಮಾಧಾನ. ಇದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ಅವರನ್ನೇ ಕೇಳಬಹುದಿತ್ತು. ಕೇಳಲಿಲ್ಲ. ಅದೇ ವಾರ ಕಾಂಟ್ರ್ಯಾಕ್ಟರ್ ಯಾವುದೋ ಕಾಗದಕ್ಕೆ ಸಹಿ ಬೇಕೆಂದು ಮನೆಗೆ ಬಂದಿದ್ದ. ತೊರವಿಯ ಆಚೆ ಏಳುತ್ತಿದ್ದ ಒಂದು ಹಾಸ್ಟೆಲಿನ ಬಣ್ಣದ ಕೆಲಸ ಚಾಚಾಗೆ ಕೊಡುವವನಿದ್ದೇನೆಂದು ಮಾತಿನ ನಡುವೆ ಹೇಳಿದ. ನಾನು ಚಹದ ಕಪ್ಪು ಇಡುತ್ತ, "ಅವರ ಕೈ ಒಂಚೂರು ನೋಡ್ಕೋರಿ. ನಮ್ಮ ಮನ್ಯಾಗ ಒಂದ್ ಡಬ್ಬಿ ಕಾಣವಲ್ದು" ಎಂದೆ. ಎರಡೇ ವಾಕ್ಯ. ಅವನು ತಲೆಯಾಡಿಸಿ ಚಹ ಕುಡಿದು ಹೋದ.

ಮಳೆಗಾಲ ಕಳೆಯುತ್ತ ಬಂದಾಗ ಪಶ್ಚಿಮದ ಗೋಡೆ ಕೆಡಲು ಹತ್ತಿತು. ಮೊದಲು ವಾರ್ನಿಶ್ಶಿನ ಕೆಳಗೆ ಬೆಳ್ಳಗೆ ಮೋಡ ಕವಿದಂತೆ ಕಂಡಿತು. ಆಮೇಲೆ ಗುಳ್ಳೆಗಳೆದ್ದವು. ಗುಳ್ಳೆ ಒಡೆದಲ್ಲಿ ಇಟ್ಟಿಗೆಯ ಮುಖವೇ ಚಕ್ಕೆ ಚಕ್ಕೆಯಾಗಿ ಉದುರತೊಡಗಿತು. ಬರಿದಾಗಿ ಬಿಟ್ಟಿದ್ದ ಉಳಿದ ಮೂರು ಗೋಡೆಗಳ ಮೇಲೂ ಬಿಳಿ ಪುಡಿ ಬಂದಿತ್ತು, ಆದರೆ ಅದು ಒಣ ಪೊರಕೆಯಿಂದ ಗುಡಿಸಿದರೆ ಹೋಗುತ್ತಿತ್ತು. ಆಗಲಾದರೂ ಚಾಚಾ ಹೇಳಿದ್ದು ನೆನಪಾಗಬೇಕಿತ್ತು. ನನಗೆ ಹೊಳೆದದ್ದು ಬೇರೆಯೇ: ತಮ್ಮ ಮಾತು ನಿಜವೆಂದು ತೋರಿಸಲು ಇವರೇ ನಾನಿಲ್ಲದಾಗ ಬಂದು ಗೋಡೆಗೆ ಉಪ್ಪುನೀರು ಹೊಡೆದಿದ್ದಾರೆ! ನಮ್ಮ ಮನೆಯವರಿಗೆ ಹೇಳಿದೆ. ಅವರು ಮೊದಲ ಸಲ ನಗಲಿಲ್ಲ.

"ನಿನಗ ಆರಾಮ ಐತಿಲ್ಲೋ?" ಎಂದರು.

ಮರುದಿನ ಶಾಲೆಗೆ ರಜೆ ಹಾಕಿ ಇಬ್ರಾಹಿಂಪುರಕ್ಕೆ ಹೋದೆ. ಡಬ್ಬಿ, ಉಪ್ಪು, ಎರಡನ್ನೂ ಒಟ್ಟಿಗೇ ಕೇಳಿಬಿಡುವುದು ಎಂದು. ರೈಲ್ವೆ ಗೇಟು ಹಾಕಿತ್ತು. ಗಾಡಿ ಹೋಗುವತನಕ ಆಟೋದಲ್ಲಿ ಕೂತು ಹೇಗೆ ಕೇಳಬೇಕೆಂದು ಮನಸ್ಸಿನಲ್ಲೇ ಎರಡು ಸಲ ಓದಿಕೊಂಡೆ.

ಹಳಿಯ ಪಕ್ಕದ ಓಣಿಯಲ್ಲಿ ಮನೆ. ಅದೂ ಗಿಲಾವು ಇಲ್ಲದ ಇಟ್ಟಿಗೆಯ ಮನೆಯೇ, ಆಸೆಯಿಂದಲ್ಲ, ಆಗದೆ ಉಳಿದದ್ದು. ರಸ್ತೆಗೆ ಮುಖವಾಗಿ ಪಶ್ಚಿಮಕ್ಕೆ ಒಂದೇ ಕಿಟಕಿ. ಆ ಕಿಟಕಿಯನ್ನು ನೋಡಿ ನಿಂತುಬಿಟ್ಟೆ. ತೆರೆದು ಮುಚ್ಚುವ ನಾಲ್ಕು ಪಡಕು, ನಾಲ್ಕಕ್ಕೂ ಬೇರೆ ಬೇರೆ ಬಣ್ಣ. ಒಂದರಲ್ಲಿ ಕಡು ಪಾಲಿಶ್ ಹಪ್ಪಳವಾಗಿ ಎದ್ದಿತ್ತು. ಒಂದು ನೀಲಿ ಸುಣ್ಣದಂತೆ ಬಿಳಿಚಿಕೊಂಡಿತ್ತು. ಇನ್ನೊಂದು ಕಂದು ಬಿರುಕು ಬಿಟ್ಟಿತ್ತು. ನಾಲ್ಕನೆಯದು ಬೂದಿಹಸಿರು, ಒಂದು ಬೇಸಿಗೆ, ಒಂದು ಮಳೆಗಾಲ ಕಳೆದು, ಹಚ್ಚಿದ ದಿನದ ಹಾಗೇ ಇತ್ತು.

ಚಾಚಾನ ಹೆಂಡತಿ ಹೊರಗೆ ಬಂದರು. ನಾನು ಯಾರೆಂದು ಹೇಳಿದೊಡನೆ ಮುಖ ಅರಳಿತು. "ಅಯ್ಯ, ತೊರವಿ ಕಡೆ ಅಕ್ಕಾರೇನ್ರಿ? ಬರ್ರಿ, ಬರ್ರಿ. ನೋಡ್ರಿ, ಇದು ನಿಮ್ಮ ಮನೀ ಹಸರು. ಏನೂ ಆಗಿಲ್ಲ. 'ಆ ಅಕ್ಕಾರ ಬಾಯಿಮಾತು ನಂಬೂದಿಲ್ಲ, ಬಿಸಲಾಗ ಕಾಯಿಸಿ ಕಣ್ಣಿಗಿ ತೋರಸ್ತೀನಿ' ಅಂತ ಹೇಳಿ ಬ್ಯಾಸಗ್ಯಾಗ ಹಚ್ಯಾರ. ನಮ್ಮ ಕಿಡಕಿ ನಮ್ಮದಲ್ರಿ, ಊರ ಮಂದೀದು." ಒಳಗೆ ಗೋಡೆಯ ಗೂಡಿನಲ್ಲಿ ಡಬ್ಬಿ ಇತ್ತು. ಒಂದು ಪಡಕಿಗೆ ಹಚ್ಚಿದಷ್ಟು ಬಿಟ್ಟರೆ ತುಂಬಿಯೇ ಇತ್ತು. ಎತ್ತಿ ತಳ ನೋಡಬೇಕಾದ ಅಗತ್ಯವೇ ಇರಲಿಲ್ಲ, ಆದರೂ ನೋಡಿದೆ. ನನ್ನ ಕೆಂಪು ಚುಕ್ಕೆ ಅಲ್ಲೇ ಇತ್ತು.

"ಚಾಚಾ ಎಲ್ಲಿ?" ಎಂದು ಕೇಳಿದೆ.

"ಚೌಕಕ್ಕ ಹೋಗ್ಯಾರ್ರಿ, ಕೂಲಿಗಿ ನಿಂದ್ರಾಕ. ಹಾಸ್ಟೆಲ್ ಕೆಲಸ ಬರಬೇಕಾಗಿತ್ತು, ಯಾರೋ ಕಾಂಟ್ರ್ಯಾಕ್ಟರ್ ಕಿವ್ಯಾಗ ಏನೋ ಊದ್ಯಾರಂತ. ಕಳವ ಮಾಡ್ತಾರ ಅಂತ." ಆಕೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಯಾರಂತ ಕೇಳಿದ್ರ ಹೇಳವಲ್ರು. ಈ ವಯಸ್ಸಿನ್ಯಾಗ ಹುಡುಗ್ರ ಸಾಲಾಗ ನಿಂತು ಯಾರರೆ ಕರೀತಾರೇನಂತ ಕಾಯಾಕತ್ಯಾರ್ರಿ."

ಆಕೆ ಕೊಟ್ಟ ಚಹವನ್ನು ನಾನು ಪೂರ್ತಿ ಕುಡಿದೆ. ಏಕೆ ಬಂದಿದ್ದೆ ಎಂದು ಹೇಳಲಿಲ್ಲ.

ಅಲ್ಲಿಂದ ನೇರ ಕಾಂಟ್ರ್ಯಾಕ್ಟರನ ಮನೆಗೆ ಹೋದೆ. ನಾನು ಹೇಳಿದ್ದು ಸುಳ್ಳು, ಡಬ್ಬಿ ಸಿಕ್ಕಿದೆ, ಆ ಕೆಲಸ ಅವರಿಗೆ ಕೊಡಿ ಎಂದು ಕೈಮುಗಿಯುವುದೊಂದನ್ನು ಬಿಟ್ಟು ಎಲ್ಲ ಮಾಡಿದೆ. ಅವನು ಹಲ್ಲಲ್ಲಿ ಕಡ್ಡಿ ಆಡಿಸುತ್ತ ಕೇಳಿಸಿಕೊಂಡ. "ಆ ಕೆಲಸ ಬ್ಯಾರೇದವರು ಹಿಡದು ಎರಡ ತಿಂಗಳಾತ್ರಿ. ಮುಂದ ಯಾವುದರೆ ಬಂದ್ರ ನೋಡೂಣು." ನಾನು ಎದ್ದು ಬಾಗಿಲಿಗೆ ಬಂದಾಗ ಹಿಂದಿನಿಂದ ಅಂದ: "ನಿಮ್ಮ ಹೆಸರ ಹೇಳಬಾರದಿತ್ತೋ ಏನೋ. ಅವ ಕೇಳಿದ, ನಾ ಹೇಳಿಬಿಟ್ಟೆ."

"ಯಾವಾಗ?"

"ಅವಾಗ. ಬ್ಯಾಸಗ್ಯಾಗ."

ಅಂದರೆ ಬೇಸಿಗೆಯಿಂದ ಅವರಿಗೆ ಗೊತ್ತಿತ್ತು. ಗೊತ್ತಿದ್ದೇ ಮಳೆಗಾಲದಲ್ಲಿ ಎರಡು ಸಲ ಬಂದು ನಮ್ಮ ಮನೆಯ ಸಜ್ಜಾ ಸೋರುತ್ತದೆಯೇ ನೋಡಿ ಹೋಗಿದ್ದರು. ಗೊತ್ತಿದ್ದೇ ಆ ಹಸಿರನ್ನು ತಮ್ಮ ಕಿಟಕಿಯ ಮೇಲೆ ಕಾಯುತ್ತಿದ್ದರು.

ಎರಡು ದಿನಕ್ಕೆ ಚಾಚಾ ತಾವಾಗಿಯೇ ಬಂದರು. ಪಶ್ಚಿಮದ ಗೋಡೆಯನ್ನು ನೋಡಿ, "ಬಿಚ್ಚೋಣ್ರಿ ಬಾಯಿ" ಎಂದರು. ಒಂದು ತಿಂಗಳು ಹಿಡಿಯಿತು. ತಂತಿಯ ಬ್ರಶ್ ಮುಟ್ಟಗೊಡಲಿಲ್ಲ. ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಅಂಗೈಯಷ್ಟಗಲ, ಅಂಗೈಯಷ್ಟಗಲ ವಾರ್ನಿಶ್ ತೆಗೆದರು. ಆಮೇಲೆ ಸಿಹಿನೀರಿನಲ್ಲಿ ಕಲಸಿದ ಮೆತ್ತನೆಯ ಮಣ್ಣನ್ನು ಗೋಡೆಗೆ ಮೆತ್ತಿ, ಒಣಗಿಸಿ, ಉದುರಿಸಿದರು. ಒಳಗಿನ ಉಪ್ಪು ಮಣ್ಣಿಗೆ ಹತ್ತಿ ಬರುತ್ತಿತ್ತು. ಬೋರಿನ ನೀರು ನಡೆಯದು ಎಂದು ಕುಡಿಯುವ ನೀರಿನ ಕ್ಯಾನುಗಳನ್ನು ನಾನೇ ಹೊತ್ತು ತಂದೆ. ಭಾನುವಾರಗಳಲ್ಲಿ ಮಣ್ಣು ಕಲಸಿದೆ. ಚಾಚಾ ಬಿಳಿ ಅಂಗಿಯಲ್ಲಿ ಒಂದು ಹನಿ ಇಲ್ಲದೆ ನಿಂತಿರುತ್ತಿದ್ದರು, ನಾನು ಮೊಣಕೈವರೆಗೆ ಕೆಸರಾಗಿರುತ್ತಿದ್ದೆ.

ತಪ್ಪಾಯಿತು ಎಂದು ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದೆನೋ. "ಚಾಚಾ, ನಾ ಒಂದ್ ಮಾತ..." ಎಂದು ಶುರು ಮಾಡಿದರೆ ಸಾಕು, "ಅಕ್ಕಾರ, ಜರಾ ಆ ಅರಬಿ ಕೊಡ್ರಿ" ಎನ್ನುತ್ತಿದ್ದರು. ಬಟ್ಟೆ ಕೊಡುತ್ತಿದ್ದೆ. ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಒಂದು ಸಲ ಮಾತ್ರ, ಮಣ್ಣು ಒಣಗುವುದನ್ನು ಕಾಯುತ್ತ ಇಬ್ಬರೂ ಕಟ್ಟೆಯ ಮೇಲೆ ಕೂತಿದ್ದಾಗ, ಅವರೇ ಅಂದರು: "ನಾನೂ ಭಾಳ ಅನುಮಾನದ ಮನಶ್ಯಾ ರಿ. ಗ್ವಾಡಿ ನಂಬೂದಿಲ್ಲ, ನೀರ ನಂಬೂದಿಲ್ಲ, ಡಬ್ಬಿ ಮ್ಯಾಲೆ ಬರದಿದ್ದು ನಂಬೂದಿಲ್ಲ. ಆದ್ರ ನೋಡಿ ತಿಳ್ಕೋತೀನಿ." ಇನ್ನೂ ಏನೋ ಹೇಳುತ್ತಾರೆಂದು ಕಾದೆ. ಅವರು ಎದ್ದು ಹೋಗಿ ಮಣ್ಣು ಮುಟ್ಟಿ ನೋಡಿದರು.

ಪಶ್ಚಿಮದ ಕಿಟಕಿಗಳಿಗೆ ಹಸಿರು ಬಣ್ಣವನ್ನೇ ಹಚ್ಚಿದೆವು. ಕೆಂಪು ಗೋಡೆಯಲ್ಲಿ ಆ ಹಸಿರು ಎಷ್ಟು ಒಪ್ಪುತ್ತದೆಂದರೆ ದಾರಿಯಲ್ಲಿ ಹೋಗುವವರು ಬೈಕು ನಿಲ್ಲಿಸಿ ಯಾರು ಮಾಡಿದ್ದು ಎಂದು ಕೇಳುತ್ತಾರೆ. ನಾನು ಚಾಚಾನ ನಂಬರು ಕೊಡುತ್ತಿದ್ದೆ. ಹಾಗೆ ಕೊಟ್ಟು ಕೊಟ್ಟು ಅವರಿಗೆ ಐದಾರು ಮನೆಗಳ ಕೆಲಸ ಸಿಕ್ಕಿತು. ಇದರಿಂದ ನನ್ನ ಎರಡು ವಾಕ್ಯ ಅಳಿಸಿಹೋಗುತ್ತದೆ ಎಂದು ನಾನು ನನಗೇ ಹೇಳಿಕೊಂಡಿದ್ದೆ. ಎದುರು ನಿಂತು ಹೇಳುವ ಧೈರ್ಯ ಮಾತ್ರ ಬರಲಿ ಬರಲಿ ಎಂದು ಕಾಯುತ್ತ ಮೂರು ವರ್ಷ ಕಳೆದೆ.

ಈ ಸಲದ ಬೇಸಿಗೆಯಲ್ಲಿ ಚಾಚಾ ತೀರಿಕೊಂಡರು. ಎದೆನೋವು ಎಂದು ದವಾಖಾನೆಗೆ ಒಯ್ದರಂತೆ, ಮರಳಿ ತರುವಂತಾಗಲಿಲ್ಲ. ಸುದ್ದಿ ಗೊತ್ತಾಗುವಷ್ಟರಲ್ಲಿ ಮಣ್ಣು ಮಾಡಿಯೂ ಆಗಿತ್ತು. ನಾಲ್ಕನೆಯ ದಿನ ನಾವಿಬ್ಬರೂ ಇಬ್ರಾಹಿಂಪುರಕ್ಕೆ ಹೋದೆವು. ಚಾಪೆಯ ಮೇಲೆ ಚಾಚಾನ ಹೆಂಡತಿ, ನಮ್ಮ ಚಾಚಿ, ಕೂತಿದ್ದರು, ಪಕ್ಕದಲ್ಲಿ ಕಲಬುರ್ಗಿಯಿಂದ ಬಂದ ಮಗಳು. ನನ್ನನ್ನು ಕಂಡು ಚಾಚಿ ಕೈ ಹಿಡಿದು ಪಕ್ಕದಲ್ಲಿ ಕೂಡಿಸಿಕೊಂಡರು. ಮಗಳ ಕಡೆ ತಿರುಗಿದರು.

"ಇವರೇ ನೋಡು ತೊರವಿ ಕಡೆ ಅಕ್ಕಾರ. ನಿಮ್ಮ ಅಬ್ಬಾನ ಮ್ಯಾಲೆ ಯಾರೋ ಕಳವಿನ ಮಾತ ಹಚ್ಚಿದಾಗ ಊರಾಗ ಯಾರೂ ಬರಲಿಲ್ಲ. ಇವರೊಬ್ಬರೇ ಕಾಂಟ್ರ್ಯಾಕ್ಟರ್ ಮನಿಗಿ ಹೋಗಿ, 'ಚಾಚಾ ಅಂಥಾವರಲ್ಲ' ಅಂತ ಜಗಳಾ ತಗದು ಬಂದಾರ. ನಿಮ್ಮ ಅಬ್ಬಾನೇ ನನಗ ಹೇಳಿದ್ರು, ಎಷ್ಟ ಸಲ ಹೇಳಿದ್ರೋ."

ಆ ಹುಡುಗಿ ಬಾಗಿ ನನ್ನ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ನಮ್ಮ ಮನೆಯವರು ನೆಲ ನೋಡುತ್ತಿದ್ದರು. ನಾನು ಕಾಂಟ್ರ್ಯಾಕ್ಟರನ ಮನೆಗೆ ಹೋದದ್ದು ನಿಜ. ಸುಮ್ಮನಿದ್ದರೆ ಆ ಗೌರವ ನನ್ನದೇ ಆಗಿ ಉಳಿಯುತ್ತಿತ್ತು, ಚಾಚಾನೇ ಕೊಟ್ಟು ಹೋಗಿದ್ದರು. ಆದರೆ ಆ ಹುಡುಗಿಯ ಕಣ್ಣೀರು ನನ್ನ ಅಂಗೈಗೆ ತಾಗಿತ್ತು, ನನಗೆ ತಡೆಯಲಾಗಲಿಲ್ಲ.

"ಚಾಚಿ," ಎಂದೆ, "ಆ ಮಾತ ಹಚ್ಚಿದಾಕಿ ನಾನೇ."

ಚಾಚಿಗೆ ಮೊದಲು ಅರ್ಥವಾಗಲಿಲ್ಲ. ಡಬ್ಬಿಯ ಸಂಗತಿಯನ್ನು ಮೊದಲಿಂದ ಹೇಳಿದೆ. ಮಗಳು ನನ್ನ ಕೈ ಬಿಟ್ಟಳು. ಚಾಚಿ ಚಾಪೆಯ ಅಂಚನ್ನು ಸವರಿದರು.

"ಅವರಿಗಿ ಗೊತ್ತಿತ್ತೇನ್ರಿ?"

"ಗೊತ್ತಿತ್ತು. ಮೊದಲಿಂದ ಗೊತ್ತಿತ್ತು."

"ಮೂವತ್ತೆಂಟ ವರ್ಷ ಬಾಳೇ ಮಾಡೇವ್ರಿ," ಎಂದರು ಚಾಚಿ. "ನನ್ನ ಮುಂದ ಒಂದ್ ದಿನ ಸುಳ್ಳ ಆಡಿದವರಲ್ಲ. ಆಡಿದ್ದು ಇದೊಂದೇ. ಅದನ್ನೂ ನಿಮ್ಮ ಸಲುವಾಗಿ ಆಡ್ಯಾರ."

ನನಗೆ ಏಳಿ ಎಂದೂ ಅನ್ನಲಿಲ್ಲ, ಕೂಡ್ರಿ ಎಂದೂ ಅನ್ನಲಿಲ್ಲ. ನಾನು ಅಲ್ಲೇ ಕೂತಿದ್ದೆ.